ಎಂಟು ಆಂಟೆನಾದ ಗೇಮಿಂಗ್ ರೂಟರ್ ತಂದೆ, ಪಿಂಗ್ ಮಾತ್ರ ಹಾಗೇ ಇದೆ

ನಿದ್ದೆಗೆಟ್ಟವ
ಮೂರು ವಾರದ ಹಿಂದೆ ಗೇಮಿಂಗ್ ರೂಟರ್ ತಗೊಂಡೆ. ಎಂಟು ಆಂಟೆನಾ, ಅಂಗಾತ ಬಿದ್ದ ಜೇಡದ ಹಾಗೆ ಕಾಣುತ್ತದೆ, ಮಧ್ಯದಲ್ಲಿ ಕೆಂಪು ದೀಪ ಬೇರೆ. ಡಬ್ಬದ ಮೇಲೆ ಎಎಕ್ಸ್11000 ಅಂತ ದೊಡ್ಡದಾಗಿ ಬರೆದಿದೆ. ಸ್ಪೀಡ್ ಟೆಸ್ಟ್ ಚೆನ್ನಾಗಿ ಬರುತ್ತಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಕನೆಕ್ಷನ್ 300 ಮೆಗಾಬಿಟ್‌ನದ್ದು. ಹಳೇ ರೂಟರ್‌ನಲ್ಲಿ ನನ್ನ ರೂಮಿಗೆ 90 ಬರುತ್ತಿತ್ತು, ಈಗ 280.

ಆದರೆ ನಾನು ತಂದಿದ್ದು ಅದಕ್ಕಲ್ಲ. ರಾತ್ರಿ ಶೂಟಿಂಗ್ ಗೇಮ್ ಆಡಲು ಕೂತರೆ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಹೊತ್ತು, ಮಿಲಿಸೆಕೆಂಡ್ ಲೆಕ್ಕದಲ್ಲಿ) 22 ಇರುತ್ತದೆ, ಎಲ್ಲಾ ಸರಿ ಇದೆ ಅನ್ನುವಷ್ಟರಲ್ಲಿ 300, 400ಕ್ಕೆ ಹಾರುತ್ತದೆ. ನನ್ನ ಕ್ಯಾರೆಕ್ಟರ್ ಗೋಡೆಗೆ ಮುಖ ಕೊಟ್ಟು ಓಡುತ್ತಲೇ ಇರುತ್ತದೆ, ಸ್ಕ್ರೀನ್ ಸರಿಯಾಗುವ ಹೊತ್ತಿಗೆ ಸತ್ತು ಬಿದ್ದಿರುತ್ತದೆ. ಇನ್ನೊಂದು ಕಾಟ ಅಂದರೆ ವಾರಕ್ಕೆ ಎರಡು ಮೂರು ಸಲ ವೈಫೈ ಹೆಸರೇ ಮಾಯ. ಒಂದು ನಿಮಿಷ ಬಿಟ್ಟು ತಾನಾಗೇ ವಾಪಸ್ ಬರುತ್ತದೆ.

'ಗೇಮ್ ಮೋಡ್' ಅಂತ ಒಂದು ಬಟನ್ ಇದೆ. ಆನ್ ಮಾಡಿದರೂ ಅಷ್ಟೇ, ಆಫ್ ಮಾಡಿದರೂ ಅಷ್ಟೇ. ವಾಪಸ್ ಕೊಡಲು ಇನ್ನು ನಾಲ್ಕೇ ದಿನ ಉಳಿದಿದೆ. ಕೊಟ್ಟುಬಿಡಲಾ?

ತಂತಿಪ್ರಿಯೆ
ಕೇಬಲ್ ಎಳೆಯಿರಿ.

ನಿದ್ದೆಗೆಟ್ಟವ
ಮಧ್ಯೆ ಎರಡು ಗೋಡೆ ಇದೆ. ಡ್ರಿಲ್ ಅಂದರೆ ಮನೆಯಲ್ಲಿ ನನ್ನನ್ನೇ ಕೊರೆಯುತ್ತಾರೆ.

ಕೆಂಪುದೀಪ
ವಾಪಸ್ ಕೊಡಬೇಡ ಗುರು. ನನ್ನದೂ ಗೇಮಿಂಗ್ ರೂಟರೇ, ಎರಡು ವರ್ಷ ಆಯ್ತು. ತಂದ ದಿನವೇ ಪಿಂಗ್ 60ರಿಂದ 20ಕ್ಕೆ ಇಳಿಯಿತು. ಸೆಟ್ಟಿಂಗ್ ಸರಿ ಮಾಡಿಕೋ. ಗೇಮ್ ಮೋಡ್ ಒತ್ತಿ ಬಿಟ್ಟರೆ ಸಾಲದು, ನಿನ್ನ ಕಂಪ್ಯೂಟರನ್ನು ಪಟ್ಟಿಯ ಮೇಲಕ್ಕೆ ಎಳೆದು ಇಡಬೇಕು.

ಗೂಬೆಕಣ್ಣು
60ರಿಂದ 20ಕ್ಕೆ ಇಳಿದಿದ್ದು ಗೇಮಿಂಗ್ ಅನ್ನುವ ಹೆಸರಿನಿಂದಲ್ಲ. ಹಳೇದರಲ್ಲಿ ನೀವು ವೈಫೈನ ಗಿಜಿಗುಡುವ 2.4 ಗಿಗಾಹರ್ಟ್ಜ್ ಬ್ಯಾಂಡ್‌ನಲ್ಲಿ ಇದ್ದಿರಬೇಕು, ಹೊಸದರಲ್ಲಿ ಗದ್ದಲ ಕಡಿಮೆ ಇರುವ 5ಕ್ಕೆ ಹೋಗಿರುತ್ತೀರಿ. ಯಾವ ಸಾದಾ ರೂಟರ್ ತಂದಿದ್ದರೂ ಅದೇ ಆಗುತ್ತಿತ್ತು.

ಇನ್ನೊಂದು ಲೆಕ್ಕ ನೋಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಗೇಮ್ ಸರ್ವರ್ 2000 ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲು 4000, ಅಂದರೆ 20 ಮಿಲಿಸೆಕೆಂಡ್ ಆಗೇ ಆಗುತ್ತದೆ. ಅದನ್ನು ಯಾವ ಆಂಟೆನಾನೂ ಕಡಿಮೆ ಮಾಡಲ್ಲ.

ಕೆಂಪುದೀಪ
ಬೆಳಕನ್ನು ಓಡಿಸುತ್ತದೆ ಅಂತ ನಾನು ಎಲ್ಲಿ ಹೇಳಿದೆ? ಮನೆಯೊಳಗಿನ ಜಾಮ್ ಬಿಡಿಸುತ್ತದೆ, ಅಷ್ಟೇ. ನಿಮಗೆ ಕೆಂಪು ದೀಪ ಕಂಡರೆ ಆಗಲ್ಲ, ಅದು ಬೇರೆ ಮಾತು.

ಗೂಬೆಕಣ್ಣು
ದೀಪದ ಮೇಲೆ ದ್ವೇಷ ಇಲ್ಲ, ಡಬ್ಬದ ಮೇಲಿನ ನಂಬರ್ ಮೇಲೆ ಇದೆ. 11000 ಹೇಗೆ ಬಂತು ಗೊತ್ತಾ? 2.4ರ ಬ್ಯಾಂಡ್‌ಗೆ 1148 ಮೆಗಾಬಿಟ್, 5ರ ಎರಡು ಬ್ಯಾಂಡ್‌ಗೆ 4804 ಮತ್ತು 4804. ಕೂಡಿದರೆ 10756. ಅದನ್ನು 11000 ಅಂತ ದುಂಡಗೆ ಮಾಡಿದ್ದಾರೆ. ಒಂದು ಲ್ಯಾಪ್‌ಟಾಪ್ ಒಂದು ಸಲಕ್ಕೆ ಒಂದೇ ಬ್ಯಾಂಡ್‌ನಲ್ಲಿ ಇರುತ್ತದೆ. ಅದರೊಳಗೆ ಸಾಮಾನ್ಯವಾಗಿ ಎರಡೇ ಆಂಟೆನಾ. ಚಾನೆಲ್ 80 ಮೆಗಾಹರ್ಟ್ಜ್ ಅಗಲ ಇದ್ದರೆ 1201 ಅಂತ ತೋರಿಸುತ್ತದೆ, 160ರಲ್ಲಿ 2402. ಅದೂ ಕಾಗದದ ಮೇಲೆ.

ಇರಲಿ. ಮೂಲ ಪ್ರಶ್ನೆಗೆ ಬರೋಣ. ನಿದ್ದೆಗೆಟ್ಟವರೇ, ಎರಡು ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆಯಿರಿ. ಒಂದರಲ್ಲಿ ರೂಟರ್‌ಗೇ ಪಿಂಗ್ ಬಿಡಿ, 192.168.1.1 ಅಥವಾ ನಿಮ್ಮಲ್ಲಿ ಏನಿದೆಯೋ ಅದು. ಇನ್ನೊಂದರಲ್ಲಿ ಹೊರಗೆ, ಗೂಗಲ್‌ನ ಸರ್ವರ್ 8.8.8.8ಗೆ. ಎರಡನ್ನೂ ಪಕ್ಕಪಕ್ಕ ಓಡಲು ಬಿಟ್ಟು ಆಡಲು ಕೂರಿ. ಹಾರಿದಾಗ ಎರಡೂ ಹಾರಿದರೆ ತಪ್ಪು ವೈಫೈದು. ಹೊರಗಿನದು ಮಾತ್ರ ಹಾರಿದರೆ ವೈಫೈಗೆ ಬೈದು ಪ್ರಯೋಜನ ಇಲ್ಲ.

ಸುಮ್ನೆ_ಬಂದವ
ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯ ರೂಟರ್ ಮೇಲೆ ಬೆಕ್ಕು ಮಲಗುತ್ತದೆ. ಬೆಚ್ಚಗಿರುತ್ತದಲ್ಲ. ಆಂಟೆನಾ ನಾಲ್ಕೂ ನಾಲ್ಕು ದಿಕ್ಕಿಗೆ ತಿರುಗಿರುತ್ತವೆ. ಇದರಿಂದ ಏನಾದರೂ ತೊಂದರೆ ಇದೆಯಾ?

ಹಳೇ_ಸರ್ಕೀಟು
ಬೆಕ್ಕಿಗಾ, ರೂಟರ್‌ಗಾ?

ತಮಾಷೆ ಬಿಡಿ. ಗಾಳಿ ಆಡುವ ತೂತು ಮುಚ್ಚಿದರೆ ಚಿಪ್ ಬಿಸಿಯಾಗಿ ರೂಟರ್ ರೀಸ್ಟಾರ್ಟ್ ಆಗಬಹುದು. ಎತ್ತರದ ಶೆಲ್ಫ್ ಮೇಲಿಡಿ. ಸಿಗ್ನಲ್‌ಗೂ ಒಳ್ಳೇದು. ಬೆಕ್ಕು ಅಲ್ಲಿಗೂ ಹತ್ತುತ್ತದೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಆಂಟೆನಾ ಬಗ್ಗೆ ಒಂದು ಮಾತು. ತುಂಬಾ ಜನ ಅದನ್ನು ಕೋವಿ ಥರ ರೂಮಿನ ಕಡೆ ಗುರಿ ಇಡುತ್ತಾರೆ. ಅದು ತಪ್ಪು. ಆ ಕಡ್ಡಿಯನ್ನು ಅಚ್ಚು ಅಂದುಕೊಳ್ಳಿ, ಸಿಗ್ನಲ್ ಅದರ ಸುತ್ತ ಟೈರಿನ ಹಾಗೆ ಹರಡುತ್ತದೆ. ತುದಿಯ ಕಡೆಗೇ ಕಡಿಮೆ. ಅದೇ ಮಹಡಿಗೆ ಬೇಕಾದರೆ ನೆಟ್ಟಗೆ ನಿಲ್ಲಿಸಿ. ಮೇಲಿನ ಮಹಡಿಗೂ ಬೇಕಾದರೆ ಒಂದೆರಡನ್ನು ಅಡ್ಡ ಮಲಗಿಸಿ.

ಮೇಲ್ಮಹಡಿ
ಅಯ್ಯೋ, ನಾನು ಇಷ್ಟು ದಿನ ಎಲ್ಲವನ್ನೂ ನನ್ನ ಮೇಜಿನ ಕಡೆಗೇ ಬಗ್ಗಿಸಿ ಇಟ್ಟಿದ್ದೆ.

ನಿದ್ದೆಗೆಟ್ಟವ
ಪಿಂಗ್ ಓಡಿಸಿದೆ. ಫಲಿತಾಂಶ ನೋಡಿ ನನಗೇ ಆಶ್ಚರ್ಯ.

ರೂಟರ್‌ಗೆ: 2, 3, 2, 4, ಅಪರೂಪಕ್ಕೆ ಒಂದು 30. ಹೊರಗೆ: 9 ಗಂಟೆ ತನಕ 22, 23. 9:14ಕ್ಕೆ ಒಮ್ಮೆಲೇ 180, ಆಮೇಲೆ 340, 410, 395. ಸುಮಾರು 20 ನಿಮಿಷ ಹಾಗೇ ಇತ್ತು. ಆಗಲೂ ರೂಟರ್‌ಗೆ 2, 3. ಅಂದರೆ ವೈಫೈ ತಪ್ಪೇ ಇಲ್ಲ! ಹಾಗಾದರೆ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಜಗಳ ಆಡಬೇಕಾ?

ಸಾಲಿನ_ಕೊನೆಯವ
ತಾಳಿ, ಫೋನ್ ಕೆಳಗಿಡಿ. 9:14ಕ್ಕೆ ನಿಮ್ಮ ಮನೆಯಲ್ಲಿ ಯಾರು ಏನು ಅಪ್‌ಲೋಡ್ ಮಾಡುತ್ತಾರೆ? ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ನಿಮ್ಮ 300ರಲ್ಲಿ ಅಪ್‌ಲೋಡ್ ಎಷ್ಟು?

ನಿದ್ದೆಗೆಟ್ಟವ
ಅಪ್‌ಲೋಡ್ 20. ಯಾರೂ ಏನೂ ಮಾಡಲ್ಲ. ಅಕ್ಕ ಆ ಹೊತ್ತಿಗೆ ಫೋನ್ ಚಾರ್ಜ್‌ಗೆ ಹಾಕಿ ಪುಸ್ತಕ ಓದುತ್ತಾಳೆ.

ಒಂದು ನಿಮಿಷ.

ನಿದ್ದೆಗೆಟ್ಟವ
ಸಿಕ್ಕಿತು. ಅಕ್ಕನ ಫೋನಿನಲ್ಲಿ 'ಚಾರ್ಜ್ ಆಗುವಾಗ ವೈಫೈ ಮೂಲಕ ಬ್ಯಾಕಪ್' ಅಂತ ಆನ್ ಇದೆ. ಈಗಲೂ 61 ವಿಡಿಯೋ ಬಾಕಿ ಅಂತ ತೋರಿಸುತ್ತಿದೆ. ಎಲ್ಲಾ 4ಕೆ. ಬಹುಪಾಲು ಅವಳ ಗಿಡದ ಕುಂಡದ್ದು. ಒಂದು ಎಲೆ ಬಿಚ್ಚಿಕೊಳ್ಳುವುದನ್ನು ನಾಲ್ಕು ನಿಮಿಷ ತೆಗೆದಿದ್ದಾಳೆ.

ಕೆಂಪುದೀಪ
ಎಲೆಯಿಂದ ಸತ್ತೆಯಲ್ಲೋ ಮಾರಾಯ 😂

ಸಾಲಿನ_ಕೊನೆಯವ
ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಜಿಮ್ ಗೆಟಿಸ್ ಅನ್ನುವವರು ತಮ್ಮ ಮನೆಯ ಕನೆಕ್ಷನ್‌ನಲ್ಲೇ ಇಂಥದ್ದನ್ನು ಕಂಡು, ಹುಡುಕುತ್ತಾ ಹೋಗಿ, 2010ರ ಹೊತ್ತಿಗೆ ಈ ವಿಷಯವನ್ನು ಎಲ್ಲರ ಬಾಯಿಗೆ ತಂದರು.

ನಡೆಯುವುದು ಇಷ್ಟು. ಟಿಕೆಟ್ ಕೌಂಟರ್ ಒಂದೇ ಇದೆ ಅಂದುಕೊಳ್ಳಿ. ನಿಮಗೆ ಬೇಕಾಗಿರುವುದು ಒಂದು ಟಿಕೆಟ್, ಚಿಲ್ಲರೆ ಕೈಯಲ್ಲೇ ಇದೆ. ನಿಮ್ಮ ಮುಂದೆ ಒಬ್ಬರು ಇಡೀ ಊರಿಗೆ ಟಿಕೆಟ್ ತೆಗೆಯುತ್ತಿದ್ದಾರೆ. ಕೌಂಟರ್‌ನವನು ನಿಧಾನ ಅಲ್ಲ, ಸಾಲು ಉದ್ದ. ಗೇಮ್‌ಗೆ ಒಂದೆರಡು ಮೆಗಾಬಿಟ್ ಇದ್ದರೆ ಧಾರಾಳ ಆಯ್ತು. ಆದರೆ ಅದರ ಪುಟ್ಟ ಪ್ಯಾಕೆಟ್ (ಡೇಟಾದ ತುಣುಕು) ಅಕ್ಕನ ವಿಡಿಯೋ ಪ್ಯಾಕೆಟ್‌ಗಳ ಹಿಂದೆ ನಿಲ್ಲುತ್ತದೆ. ಮೋಡೆಮ್‌ನಲ್ಲಿ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ದೊಡ್ಡದಿದ್ದಷ್ಟೂ ಸಾಲು ಉದ್ದ. ಪ್ಯಾಕೆಟ್ ಬಿಸಾಡಬಾರದು ಅಂತ ಒಳ್ಳೇ ಮನಸ್ಸಿನಿಂದಲೇ ದೊಡ್ಡದು ಇಟ್ಟಿರುತ್ತಾರೆ, ಅದೇ ಮುಳುವಾಗುತ್ತದೆ. ಪ್ಯಾಕೆಟ್ ಬಿದ್ದರೆ ತಾನೇ ಕಳಿಸುವವನಿಗೆ ನಿಧಾನ ಮಾಡಬೇಕು ಅಂತ ಗೊತ್ತಾಗುವುದು? ಬೀಳದೇ ಇದ್ದರೆ ಅವನು ತುರುಕುತ್ತಲೇ ಇರುತ್ತಾನೆ.

ಪರಿಹಾರವೂ ಬಂದು ಕಾಲ ಆಯ್ತು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಅನ್ನುವ ವಿಧಾನ ಕೊಟ್ಟರು. ಸಾಲು ಎಷ್ಟು ಉದ್ದ ಅಂತ ನೋಡಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. ಪ್ರತಿ ಹರಿವಿಗೂ ಬೇರೆ ಬೇರೆ ಸಾಲು ಮಾಡಿಕೊಟ್ಟರೆ ಅದು ಎಫ್‌ಕ್ಯೂ ಕೋಡೆಲ್. ಕೇಕ್ ಅಂತ ಅದರ ತಮ್ಮ ಇದ್ದಾನೆ, 2018ರಲ್ಲಿ ಲಿನಕ್ಸ್ 4.19ರೊಳಗೆ ಬಂದ. ನಿಮ್ಮ ರೂಟರ್‌ನಲ್ಲಿ ಎಸ್‌ಕ್ಯೂಎಂ (ಸಾಲು ನಿಭಾಯಿಸುವ ಸೆಟ್ಟಿಂಗ್) ಅಥವಾ ಇವುಗಳಲ್ಲಿ ಯಾವುದಾದರೂ ಹೆಸರು ಇದೆಯಾ ನೋಡಿ. ಇದ್ದರೆ ಅಪ್‌ಲೋಡನ್ನು ನಿಜವಾಗಿ ಬರುವ ವೇಗದ 85ರಿಂದ 90 ಪರ್ಸೆಂಟ್‌ಗೆ ಕಟ್ಟಿಹಾಕಿ. ಆಗ ಸಾಲು ಮೋಡೆಮ್‌ನಲ್ಲಿ ಬೆಳೆಯಲ್ಲ, ರೂಟರ್ ಕೈಗೆ ಬರುತ್ತದೆ.

ಗೂಬೆಕಣ್ಣು
ನಾನು ಹೇಳಿದ್ದೂ ಇದೇ. ಎಂಟು ಆಂಟೆನಾ ಬೇಕಿರಲಿಲ್ಲ.

ಕೆಂಪುದೀಪ
ನೀವು ಹೇಳಿದ್ದು ಬೆಳಕಿನ ವೇಗ ಸ್ವಾಮಿ.

ನಿದ್ದೆಗೆಟ್ಟವ
ಎಸ್‌ಕ್ಯೂಎಂ ಅಂತ ಇಲ್ಲ. ಗೇಮ್ ಮೋಡ್ ಒಳಗೆ 'ಅಡ್ವಾನ್ಸ್ಡ್' ಒತ್ತಿದರೆ ಒಂದು ಪುಟ ಬರುತ್ತದೆ, ಅದರಲ್ಲಿ ಎಫ್‌ಕ್ಯೂ ಕೋಡೆಲ್ ಅಂತ ಆಯ್ಕೆ ಇದೆ. ಅದರ ಕೆಳಗೆ ಡೌನ್‌ಲೋಡ್ ಮತ್ತು ಅಪ್‌ಲೋಡ್ ಅಂತ ಎರಡು ಖಾನೆ. ಎರಡರಲ್ಲೂ 1000 ಅಂತ ತುಂಬಿದೆ. ನಾನು ತುಂಬಿದ್ದಲ್ಲ, ಮೊದಲಿಂದ ಹಾಗೇ ಬಂದಿದ್ದು.

ಸಾಲಿನ_ಕೊನೆಯವ
ಅದಕ್ಕೇ ನಿಮ್ಮ ಗೇಮ್ ಮೋಡ್ ಕೆಲಸ ಮಾಡದೇ ಇದ್ದಿದ್ದು. ರೂಟರ್ ಪಾಪ ನಿಮ್ಮ ಹತ್ತಿರ 1000 ಮೆಗಾಬಿಟ್ ಅಪ್‌ಲೋಡ್ ಇದೆ ಅಂತ ನಂಬಿ ಕೂತಿದೆ. 20 ತುಂಬಿ ತುಳುಕಿದರೂ ಅದರ ಕಣ್ಣಿಗೆ ರಸ್ತೆ ಖಾಲಿ. 17 ಮತ್ತು 260 ಹಾಕಿ, ಅಕ್ಕನ ಬ್ಯಾಕಪ್ ನಡೆಯುವಾಗಲೇ ಆಡಿ ನೋಡಿ.

ಕನ್ಸೋಲ್_ಕೂಸು
ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ನನ್ನ ಕನ್ಸೋಲ್‌ನಲ್ಲಿ ನ್ಯಾಟ್ (ಮನೆಯ ಸಾಧನಗಳೆಲ್ಲ ಒಂದೇ ಹೊರ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಸ್ಟ್ರಿಕ್ಟ್ ಅಂತ ಬರುತ್ತದೆ, ಗೆಳೆಯರ ಜೊತೆ ಧ್ವನಿ ಸಿಗಲ್ಲ. ಹೊರಗಿನಿಂದ ಬರುವ ದಾರಿ ತಾನಾಗೇ ತೆರೆಯುವ ಯುಪಿಎನ್‌ಪಿ ಆನ್ ಇದೆ. ಆ ದಾರಿಯನ್ನು ಕೈಯಾರೆ ತೆರೆಯುವ ಪೋರ್ಟ್ ಫಾರ್ವರ್ಡ್ ಕೂಡ ಮಾಡಿ ಸಾಕಾಯಿತು. ರೂಟರ್ ಹೊಸದು.

ಹಳೇ_ಸರ್ಕೀಟು
ಕನೆಕ್ಷನ್ ಜೊತೆ ಕೊಟ್ಟ ಡಬ್ಬಕ್ಕೆ ಹೊಸ ರೂಟರ್ ಚುಚ್ಚಿದ್ದೀರಾ? ಹಾಗಿದ್ದರೆ ಎರಡೂ ರೂಟರ್ ಕೆಲಸ ಮಾಡುತ್ತಿವೆ, ಡಬಲ್ ನ್ಯಾಟ್. ಒಳಗಿನ ಬಾಗಿಲು ನೀವು ತೆಗೆದಿದ್ದೀರಿ, ಹೊರಗಿನದ್ದು ಮುಚ್ಚೇ ಇದೆ. ಹೊಸ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ (ಹೊರಗಿನ ಕಡೆಯ) ವಿಳಾಸ ನೋಡಿ. 192.168 ಅಂತ ಶುರುವಾದರೆ ಇದೇ ಕಾಯಿಲೆ. ಹಳೇ ಡಬ್ಬವನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ, ಆಗ ಅದು ರೂಟರ್ ಕೆಲಸ ಬಿಡುತ್ತದೆ. ಆಗದಿದ್ದರೆ ಹೊಸದನ್ನು ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮಾಡಿ, ಆದರೆ ಆಗ ಅದರ ಗೇಮ್ ಮೋಡ್ ಎಲ್ಲಾ ಹೋಗುತ್ತದೆ.

100.64ರಿಂದ 100.127ರ ಒಳಗಿನ ವಿಳಾಸ ಬಂದರೆ ಬೇರೆ ಕಥೆ. ಅದು ಸಿಜಿನ್ಯಾಟ್, ಎರಡನೇ ಬಾಗಿಲು ಕನೆಕ್ಷನ್ ಕೊಟ್ಟವರ ಹತ್ತಿರ ಇದೆ. ಮನೆಯಲ್ಲಿ ಎಷ್ಟು ತಿರುಗಿಸಿದರೂ ಅದು ತೆರೆಯಲ್ಲ. ಅವರನ್ನೇ ಪಬ್ಲಿಕ್ ವಿಳಾಸ ಕೇಳಬೇಕು, ಇಲ್ಲವೇ ಐಪಿವಿ6 (ಹೊಸ ಬಗೆಯ ವಿಳಾಸ) ಇದ್ದರೆ ಆನ್ ಮಾಡಿ ನೋಡಬೇಕು.

ಕನ್ಸೋಲ್_ಕೂಸು
192.168.0.4. ಕಾಯಿಲೆ ಸಿಕ್ಕಿತು. ನಾಳೆ ಬ್ರಿಡ್ಜ್ ಮಾಡುತ್ತೇನೆ.

ನಿದ್ದೆಗೆಟ್ಟವ
17 ಹಾಕಿದೆ. ಅಕ್ಕನಿಗೆ ಹೇಳಿ ಬ್ಯಾಕಪ್ ಬೇಕಂತಲೇ ಶುರು ಮಾಡಿಸಿದೆ. ಒಂದು ಗಂಟೆ ಆಡಿದೆ. ಹೊರಗಿನ ಪಿಂಗ್ 24ರಿಂದ 31. ಒಂದೇ ಒಂದು ಸಲ 48. ಅಷ್ಟೇ! ಮೂರು ವಾರದಿಂದ ಬೈದುಕೊಂಡಿದ್ದೆ, ಸಮಸ್ಯೆ ಎರಡು ಖಾನೆಯಲ್ಲಿ ಇತ್ತು.

ಆದರೆ ಸ್ಪೀಡ್ ಟೆಸ್ಟ್ 280ರಿಂದ 215ಕ್ಕೆ ಇಳಿದಿದೆ. ನಾನು 260 ಹಾಕಿದ್ದೆ. ಇದ್ಯಾಕೆ?

ಸಾಲಿನ_ಕೊನೆಯವ
ಮಾಮೂಲಿ ದಿನ ಪ್ಯಾಕೆಟ್‌ಗಳು ಹಾರ್ಡ್‌ವೇರ್ ಆಕ್ಸಿಲರೇಷನ್ ಅನ್ನುವ ಅಡ್ಡದಾರಿಯಲ್ಲಿ ಹೋಗುತ್ತವೆ, ಪ್ರೊಸೆಸರ್ ತಲೆ ಎತ್ತಿ ನೋಡುವುದೂ ಇಲ್ಲ. ಸಾಲು ನಿಭಾಯಿಸಬೇಕು ಅಂದರೆ ಒಂದೊಂದನ್ನೂ ಅದೇ ನೋಡಬೇಕು. ಬಹುತೇಕ ರೂಟರ್‌ಗಳಲ್ಲಿ ಎಫ್‌ಕ್ಯೂ ಕೋಡೆಲ್ ಆನ್ ಆದರೆ ಆ ಅಡ್ಡದಾರಿ ಬಂದ್. ನಿಮ್ಮದರ ಪ್ರೊಸೆಸರ್‌ಗೆ 215ಕ್ಕೇ ಉಸಿರು ಕಟ್ಟುತ್ತಿದೆ.

ಗೂಬೆಕಣ್ಣು
ಗೇಮಿಂಗ್ ರೂಟರ್‌ನ ಹಣ ಎಲ್ಲಾ ಆಂಟೆನಾಗೆ, ದೀಪಕ್ಕೆ ಹೋಗಿದೆ. ಪ್ರೊಸೆಸರ್‌ಗೆ ಹೋಗಿದ್ದರೆ ಚೆನ್ನಾಗಿತ್ತು.

ಕೆಂಪುದೀಪ
65 ಮೆಗಾಬಿಟ್ ಹೋದರೆ ಹೋಗಲಿ ಬಿಡಿ. 215ರಲ್ಲಿ ಯಾವ ಕೆಲಸ ನಿಲ್ಲುತ್ತದೆ? ಮತ್ತೆ ಒಂದು ಮಾತು, ಆ ಎಫ್‌ಕ್ಯೂ ಕೋಡೆಲ್ ಅವನ ರೂಟರ್‌ನಲ್ಲಿ ಇತ್ತು ತಾನೇ? ಕನೆಕ್ಷನ್ ಜೊತೆ ಬಂದ ಹಳೇ ಡಬ್ಬದಲ್ಲಿ ಇತ್ತಾ? ಹಾಗಾದರೆ ಗೇಮಿಂಗ್ ರೂಟರ್ ತಂದಿದ್ದು ಸುಮ್ನೆ ಆಗಲಿಲ್ಲ.

ಗೂಬೆಕಣ್ಣು
ಅದೊಂದು ಒಪ್ಪುತ್ತೇನೆ. ಇತ್ತು, ಆದರೆ ಹೂತಿಟ್ಟಿದ್ದರು.

ಹಳೇ_ಸರ್ಕೀಟು
ಹಳೇ ಡಬ್ಬದ ಮಾತು ಬಂತು ಅಂತ ಹೇಳುತ್ತೇನೆ. ಲಿಂಕ್‌ಸಿಸ್‌ನ ನೀಲಿ ಕಪ್ಪು ಡಬ್ಬ ನೆನಪಿದೆಯಾ, ಡಬ್ಲ್ಯುಆರ್‌ಟಿ54ಜಿ? 2002ರ ಕೊನೆಗೆ ಬಂದಿದ್ದು. ಒಳಗೆ ಲಿನಕ್ಸ್ ಇದೆ ಅಂತ ಜನ ಪತ್ತೆ ಮಾಡಿದರು. ಲೈಸೆನ್ಸ್ ಪ್ರಕಾರ ಕಂಪನಿ ಸೋರ್ಸ್ ಕೋಡ್ ಹೊರಗೆ ಬಿಡಬೇಕಾಯಿತು. ರೂಟರ್‌ಗೆ ಹಾಕುವ ಮುಕ್ತ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದು ಅದರಿಂದ, 2004ರಲ್ಲಿ. ನನ್ನದು ಈಗಲೂ ಅಟ್ಟದ ಮೇಲಿದೆ. ಎರಡೇ ಆಂಟೆನಾ, ಗೇಮ್ ಮೋಡ್ ಇಲ್ಲ, ನಾನು ಅದರಲ್ಲೇ ರಾತ್ರಿಯಿಡೀ ಆಡಿದ್ದೇನೆ.

ತಂತಿಪ್ರಿಯೆ
ಕೇಬಲ್ ಹಾಕಿ ಆಡಿರುತ್ತೀರಿ.

ಹಳೇ_ಸರ್ಕೀಟು
ಹೌದು, ಕೇಬಲ್ ಹಾಕಿಯೇ.

ನಿದ್ದೆಗೆಟ್ಟವ
ಎಲ್ಲಾ ಸರಿ, ವೈಫೈ ಮಾಯ ಆಗುವುದು? ಇವತ್ತು ಬೆಳಿಗ್ಗೆ ಮತ್ತೆ ಆಯ್ತು. ಅಕ್ಕನ ಫೋನ್, ನನ್ನ ಲ್ಯಾಪ್‌ಟಾಪ್ ಎರಡೂ ಒಟ್ಟಿಗೆ ಬಿಟ್ಟವು. ಟಿವಿ ಮಾತ್ರ ಓಡುತ್ತಲೇ ಇತ್ತು.

ಮೇಲ್ಮಹಡಿ
ಟಿವಿ 2.4ರಲ್ಲಿ ಇದೆ ಅಲ್ವಾ? ನನಗೂ ಹೀಗೇ ಆಗುತ್ತಿತ್ತು, ಎರಡು ತಿಂಗಳು ಒದ್ದಾಡಿದೆ. ರೂಟರ್‌ನ ಸಿಸ್ಟಮ್ ಲಾಗ್ ತೆಗೆದು ರಾಡಾರ್ ಅನ್ನುವ ಪದ ಹುಡುಕಿ.

5 ಗಿಗಾಹರ್ಟ್ಜ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹವಾಮಾನ ರಾಡಾರ್‌ನಂಥವೂ ಬಳಸುತ್ತವೆ. ಅಲ್ಲಿ ವೈಫೈ ಬರೀ ಬಾಡಿಗೆದಾರ. ರಾಡಾರ್ ಕಂಡರೆ ರೂಟರ್ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು, ಅರ್ಧ ಗಂಟೆ ಅಲ್ಲಿಗೆ ವಾಪಸ್ ಬರುವಂತಿಲ್ಲ. ಇದಕ್ಕೆ ಡಿಎಫ್‌ಎಸ್ ಅಂತಾರೆ. ಹೊಸದಾಗಿ ಹೋಗುವ ಚಾನೆಲ್ ಕೂಡ ಅದೇ ಗುಂಪಿನದ್ದಾದರೆ ಮಾತಾಡುವ ಮೊದಲು 60 ಸೆಕೆಂಡ್ ಕಿವಿಗೊಟ್ಟು ಸುಮ್ಮನಿರಬೇಕು. ಆ ಒಂದು ನಿಮಿಷವೇ ನಿಮ್ಮ ಮಾಯ.

ನಿದ್ದೆಗೆಟ್ಟವ
ಲಾಗ್‌ನಲ್ಲಿ ಇದೆ!! ರಾಡಾರ್ ಪತ್ತೆ, ಚಾನೆಲ್ 100, ಬೆಳಿಗ್ಗೆ 7:52. ಮೊನ್ನೆಯದ್ದೂ ಇದೆ. ನಾನು ಚಾನೆಲ್ ಆಟೋ ಬಿಟ್ಟಿದ್ದೆ, ಅಗಲ 160.

ಮೇಲ್ಮಹಡಿ
36 ಹಾಕಿ, ಅಗಲ 80 ಮಾಡಿ. 160 ಇಟ್ಟರೆ 36ರಿಂದ 64ರವರೆಗೆ ಚಾಚಿಕೊಳ್ಳುತ್ತದೆ, ಅರ್ಧ ಮತ್ತೆ ರಾಡಾರ್ ಜಾಗದಲ್ಲೇ. ನಿಮ್ಮಲ್ಲಿ 149 ಬಳಸಲು ಅನುಮತಿ ಇದ್ದರೆ ಅದನ್ನೂ ನೋಡಬಹುದು, ಎಲ್ಲಾ ದೇಶದಲ್ಲೂ ಬಿಡಲ್ಲ. ಒಂದೊಂದು ಸಲ ರಾಡಾರ್ ಇಲ್ಲದೆಯೂ ಇದೆ ಅಂತ ರೂಟರ್ ಬೆಚ್ಚಿಬೀಳುತ್ತದೆ, ಅದೂ ಒಂದು ಗೋಳು.

ಗೂಬೆಕಣ್ಣು
ಹೀಗೆ 80ಕ್ಕೆ ಇಳಿಸಿದ ಮೇಲೆ 11000 ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಲಾ?

ಕೆಂಪುದೀಪ
ಬೇಡ.

ಸುಮ್ನೆ_ಬಂದವ
ನನಗೂ ಒಂದು ಇದೆ. ರೂಟರ್ ಹಿಂದೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿದ ದಿನದಿಂದ ಹಳೇ ಫೋನಿಗೆ ವೈಫೈ ಸರಿಯಾಗಿ ಸಿಗುತ್ತಿಲ್ಲ. ಬೆಕ್ಕಿನ ಮೇಲೆ ಅನುಮಾನ ಪಟ್ಟಿದ್ದೆ.

ಹಳೇ_ಸರ್ಕೀಟು
ಬೆಕ್ಕು ನಿರಪರಾಧಿ. ಯುಎಸ್‌ಬಿ 3 ಓಡುವಾಗ 2.4ರ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ. ಇಂಟೆಲ್‌ನವರೇ 2012ರಲ್ಲಿ ಇದರ ಬಗ್ಗೆ ಪೇಪರ್ ಬರೆದಿದ್ದಾರೆ. ವೈರ್‌ಲೆಸ್ ಮೌಸ್ ತೊದಲುವುದೂ ಎಷ್ಟೋ ಸಲ ಇದರಿಂದಲೇ. ಒಳ್ಳೇ ಶೀಲ್ಡ್ ಇರುವ ಉದ್ದನೆ ಕೇಬಲ್ ಹಾಕಿ ಡಿಸ್ಕನ್ನು ದೂರ ಇಡಿ. ಕೆಲವು ರೂಟರ್‌ಗಳಲ್ಲಿ ಪೋರ್ಟನ್ನು ಯುಎಸ್‌ಬಿ 2ಕ್ಕೆ ಇಳಿಸುವ ಆಯ್ಕೆ ಇರುತ್ತದೆ.

ತಂತಿಪ್ರಿಯೆ
ನಿದ್ದೆಗೆಟ್ಟವರೇ, ನಿಮ್ಮ ಪಟ್ಟಿಯಲ್ಲಿ ಆ ಅಪರೂಪದ 30 ಇತ್ತಲ್ಲ, ರೂಟರ್‌ಗೆ? ಅದನ್ನು ಯಾರೂ ಕೇಳಲೇ ಇಲ್ಲ. ಲ್ಯಾಪ್‌ಟಾಪ್ ಹಿನ್ನೆಲೆಯಲ್ಲಿ ಬೇರೆ ವೈಫೈ ಹುಡುಕಲು ಹೋಗುತ್ತಿರಬಹುದು. ಹುಡುಕುವಾಗ ತನ್ನ ಚಾನೆಲ್ ಬಿಟ್ಟು ಹೋಗಿ ಬರುತ್ತದೆ. ವಿಂಡೋಸ್‌ನಲ್ಲಿ ಲೊಕೇಷನ್ ಆಫ್ ಮಾಡಿ ನೋಡಿ. ಮ್ಯಾಕ್ ಆದರೆ ಏರ್‌ಡ್ರಾಪ್. ಹೇಗಿದ್ದರೂ ಗಾಳಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕಾಯಲೇಬೇಕು, ಪಕ್ಕದ ಮನೆಯವರೂ ಸೇರಿ. ಅದಕ್ಕೇ ನಾನು ಮೊದಲ ದಿನವೇ ಹೇಳಿದ್ದು. ಚಪ್ಪಟೆ ಕೇಬಲ್ ಬರುತ್ತದೆ, ಬಾಗಿಲ ಸಂದಿಯಲ್ಲಿ ಹೋಗುತ್ತದೆ, ಡ್ರಿಲ್ ಬೇಡ.

ನಿದ್ದೆಗೆಟ್ಟವ
ಲೊಕೇಷನ್ ಆಫ್ ಮಾಡಿದೆ, 30 ನಿಂತಿತು. ಚಾನೆಲ್ 36, ಅಗಲ 80. ಐದು ದಿನ ಆಯ್ತು, ವೈಫೈ ಒಮ್ಮೆಯೂ ಬಿಟ್ಟಿಲ್ಲ. ವಾಪಸ್ ಕೊಡುವ ದಿನವೂ ದಾಟಿತು, ಇಟ್ಟುಕೊಂಡೆ. ಚಪ್ಪಟೆ ಕೇಬಲ್ ಅಳತೆ ತೆಗೆದಿದ್ದೇನೆ, 12 ಮೀಟರ್ ಬೇಕು, ಇನ್ನೂ ಮನಸ್ಸು ಮಾಡಿಲ್ಲ.

ಅಕ್ಕ ಮಾತ್ರ ನಿನ್ನೆ ಕೇಳಿದಳು, ನನ್ನ ಬ್ಯಾಕಪ್ ಯಾಕೆ ನಿಧಾನ ಆಗಿದೆ ಅಂತ. 20ರಲ್ಲಿ 3 ನಾನು ಕಿತ್ತುಕೊಂಡಿದ್ದೇನೆ ಅಂತ ಹೇಳಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ, ಕೆಂಪುದೀಪ ಅವರಿಗೇ. ಈ ಕೆಂಪು ದೀಪ ಆಫ್ ಮಾಡುವುದು ಹೇಗೆ? ರಾತ್ರಿ ಗೋಡೆ ತುಂಬಾ ಕೆಂಪು. ಆ್ಯಪ್‌ನಲ್ಲಿ ಹೋದರೆ ಅಕೌಂಟ್ ಮಾಡು ಅನ್ನುತ್ತದೆ.

ಕೆಂಪುದೀಪ
ಆಫ್ ಮಾಡ್ತೀಯಾ? 😐 ಹಿಂಭಾಗದಲ್ಲಿ, ಪವರ್ ಬಟನ್ ಪಕ್ಕ ಒಂದು ಪುಟ್ಟ ಬಟನ್ ಇದೆಯಾ ನೋಡು. ರೀಸೆಟ್ ಅಲ್ಲ, ಅದು ಸಣ್ಣ ತೂತಿನೊಳಗೆ ಇರುತ್ತದೆ, ಅದನ್ನು ಒತ್ತಿದರೆ ಇಷ್ಟು ದಿನ ಮಾಡಿದ್ದೆಲ್ಲಾ ಹೋಯ್ತು.

ನಿದ್ದೆಗೆಟ್ಟವ
ಸಿಕ್ಕಿತು. ಆಫ್ ಆಯ್ತು. 17 ಹಾಗೇ ಇದೆ, ನೋಡಿಕೊಂಡೆ.